ಸ್ಯಾಡಲ್ ಬೇಟೆಗೆ ಮರ ಹತ್ತಲು ಯಾವುದು ಸರಿ: ಸ್ಟಿಕ್ಕಾ, ಹಗ್ಗವಾ?

ಸ್ಯಾಡಲ್ ಅಂದರೆ ಸೊಂಟಕ್ಕೆ ಕಟ್ಟಿಕೊಂಡು ಮರದ ಮೇಲೆ ತೂಗಿ ಕೂರುವ ಪಟ್ಟಿಯ ಆಸನ. ಅಮೆರಿಕದಲ್ಲಿ ಬಿಲ್ಲಿನಿಂದ ಬಿಳಿಬಾಲದ ಜಿಂಕೆ ಬೇಟೆಯಾಡಲು ಅದನ್ನು ಕೊಂಡವರಿಗೆ ಮುಂದಿನ ಪ್ರಶ್ನೆ, ಮರ ಹತ್ತುವುದು ಹೇಗೆ?

ಹೊಸಬರಿಗೆ ನನ್ನ ಮಾತು: ಮೂರೋ ನಾಲ್ಕೋ ಕ್ಲೈಂಬಿಂಗ್ ಸ್ಟಿಕ್, ಅಂದರೆ ಕಾಂಡಕ್ಕೆ ಕಟ್ಟುವ ಮೆಟ್ಟಿಲಿರುವ ಗಿಡ್ಡ ಕೋಲು, ತಗೊಳ್ಳಿ. ಒಂದರ ಮೇಲೊಂದು ಕಾಂಡಕ್ಕೆ ಬಿಗಿದರೆ 15ರಿಂದ 20 ಅಡಿ ಏರಬಹುದು. ಕತ್ತಲಲ್ಲಿ ಇಳಿಯುವಾಗಲೂ ಕಾಲಿಗೆ ಮೆಟ್ಟಿಲು ಸಿಗುತ್ತದೆ. ಹೊರುವ ತೂಕ ಮಾತ್ರ ಜಾಸ್ತಿ. ಒಂದಕ್ಕೊಂದು ತಾಗಿ ಟಣ್ ಎಂದರೆ ಜಿಂಕೆಗೆ ಅಷ್ಟೇ ಸಾಕು. ತಾಗುವ ಕಡೆ ಬಟ್ಟೆಯ ಟೇಪ್ ಸುತ್ತಿಡಿ.

ದೂರ ನಡೆಯುವವರಿಗೆ ಒಂದೇ ಸ್ಟಿಕ್ ಹಗುರ. ಅದನ್ನು ಕಟ್ಟಿ ಹತ್ತಬೇಕು, ಸ್ಯಾಡಲನ್ನು ಮರಕ್ಕೆ ಸೇರಿಸುವ ಟೆದರ್ ಹಗ್ಗಕ್ಕೆ ತೂಗಿ ನಿಲ್ಲಬೇಕು, ಸ್ಟಿಕ್ ಬಿಚ್ಚಿ ಮೇಲಕ್ಕೆ ಕಟ್ಟಬೇಕು. ಇಳಿಯುವುದು ಸಾಮಾನ್ಯವಾಗಿ ಹಗ್ಗದಲ್ಲಿ ಜಾರುತ್ತಾ. ಅಭ್ಯಾಸವಿಲ್ಲದೆ ಸುಮ್ನೆ ಕಾಡಿಗೆ ಒಯ್ಯಬೇಡಿ. ಮನೆ ಹಿತ್ತಲಲ್ಲಿ, ನೆಲದಿಂದ ಒಂದೆರಡು ಅಡಿ ಎತ್ತರದಲ್ಲೇ ಕಲಿಯಿರಿ.

ಬರೀ ಹಗ್ಗದಲ್ಲಿ ಏರುವುದು ನನಗೆ ಇಷ್ಟ, ಆದರೆ ಮರ ಮೊದಲೇ ಗೊತ್ತಿರಬೇಕು. ಗಟ್ಟಿ ಹಸಿ ಕವೆಯ ಮೇಲೆ ದಾರ ಎಸೆದು, ಅದರಿಂದ ಹಗ್ಗ ಎಳೆದುಕೊಳ್ಳಬೇಕು. ಕವೆ ಒಣಗಿದ್ದರೆ ಆ ಮರ ಬಿಟ್ಟುಬಿಡಿ.

ಸ್ಕ್ರೂ ಮೆಟ್ಟಿಲು, ಮುಳ್ಳಿನ ಬೂಟು ಬೇಡ. ಮರಕ್ಕೆ ಗಾಯ. ಹಲವು ರಾಜ್ಯಗಳ ಸಾರ್ವಜನಿಕ ಕಾಡಿನಲ್ಲಿ ನಿಷೇಧವೂ ಇದೆ.

ಸ್ಟಿಕ್‌ನಲ್ಲಿ ಹತ್ತುವುದಾದರೆ ಕಾಲು ನೆಲ ಬಿಡುವ ಮೊದಲೇ ಕಾಂಡವನ್ನು ಸುತ್ತಿ ಬರುವ ಲೈನ್‌ಮನ್ ಹಗ್ಗ ಸ್ಯಾಡಲ್‌ನ ಕೊಕ್ಕೆಗೆ ಬಿದ್ದಿರಬೇಕು. ಮೇಲೆ ಹೋದಮೇಲೆ ಟೆದರ್ ಸಿಕ್ಕಿಸಿ, ತೂಕ ಹಾಕಿ ನೋಡಿ, ಆಮೇಲೆ ಲೈನ್‌ಮನ್ ಬಿಚ್ಚಿ. ಬಿಲ್ಲನ್ನು ಕೊನೆಗೆ ಬೇರೆ ದಾರದಲ್ಲಿ ಎಳೆದುಕೊಳ್ಳಿ.