ವೀಸಾ ಖರ್ಚು ಯಾರದು: ಶಾರ್ಜಾ, ದುಬೈ, ಇಂಗ್ಲೆಂಡ್ ಮೂರರ ನನ್ನ ಲೆಕ್ಕ

ಹೊರದೇಶದ ಶಾಲೆಗೆ ಪಾಠ ಹೇಳಲು ಹೋಗುವವರ ವೀಸಾ ಖರ್ಚನ್ನು ಭರಿಸುವ ಮೂರು ಕ್ರಮಗಳನ್ನು ನಾನು ಒಂದೊಂದಾಗಿ ಅನುಭವಿಸಿದ್ದೇನೆ. 2013ರಲ್ಲಿ ಶಾರ್ಜಾಕ್ಕೆ ಹೋದಾಗ ಎಲ್ಲವನ್ನೂ ನಾನೇ ಕೊಟ್ಟೆ. 2022ರಲ್ಲಿ ದುಬೈಗೆ ಹೋದಾಗ ಶಾಲೆ ಕೊಟ್ಟಿತು. 2024ರಲ್ಲಿ ಭೌತಶಾಸ್ತ್ರ ಶಿಕ್ಷಕಿಯಾಗಿ ಇಂಗ್ಲೆಂಡಿಗೆ ಬಂದಾಗ ಮೊದಲು ನಾನು ಕೊಟ್ಟು, ಆಮೇಲೆ ಅಲ್ಲಿನ ಸರ್ಕಾರದಿಂದ ಹಿಂದಕ್ಕೆ ಪಡೆದೆ. ಕೈಗೆ ಬಂದ ಮೊತ್ತವನ್ನಷ್ಟೇ ನೋಡಿದರೆ ಇಂಗ್ಲೆಂಡನ್ನು ಮೀರಿಸುವುದು ಯಾವುದೂ ಇಲ್ಲ. ಆದರೂ ನನ್ನ ಮತ ದುಬೈಯ ಕ್ರಮಕ್ಕೆ. ಅಂದರೆ ನೇಮಿಸಿಕೊಳ್ಳುವ ಶಾಲೆಯೇ ಮೊದಲ ರಸೀದಿಯಿಂದ ಕೊನೆಯ ರಸೀದಿಯವರೆಗೆ ನೇರವಾಗಿ ಹಣ ಕಟ್ಟುವ ಕ್ರಮಕ್ಕೆ.

ಶಾರ್ಜಾದ ಕತೆಯನ್ನು ಬೇಗ ಮುಗಿಸುತ್ತೇನೆ. ಮಂಗಳೂರಿನ ಏಜೆಂಟರೊಬ್ಬರು 'ವೀಸಾ ಮತ್ತು ಸೇವೆ' ಎಂದು 1,10,000 ರೂಪಾಯಿ ಕೇಳಿದರು. ಸಹಕಾರಿ ಸಂಘದಲ್ಲಿ ನಾಲ್ಕು ಬಳೆಗಳನ್ನು ಅಡವಿಟ್ಟು ಕೊಟ್ಟೆ. ಅಲ್ಲಿಗೆ ಹೋದ ಎರಡನೆಯ ತಿಂಗಳಲ್ಲಿ, ಪ್ರವೇಶ ಪರವಾನಗಿ, ವೈದ್ಯಕೀಯ ತಪಾಸಣೆ, ಗುರುತಿನ ಚೀಟಿ ಇವೆಲ್ಲದರ ಶುಲ್ಕವನ್ನು ಶಾಲೆಯೇ ಕಟ್ಟಿತ್ತೆಂಬುದು ಸ್ಟಾಫ್ ರೂಮಿನಲ್ಲಿ ತಿಳಿಯಿತು. ಹಾಗಾದರೆ ನನ್ನ ಹಣ ಯಾವ ವೀಸಾಕ್ಕೆ ಹೋಯಿತು ಎಂದು ಕೇಳಲು ಆ ಏಜೆಂಟರು ಮತ್ತೆ ಫೋನಿಗೆ ಸಿಗಲಿಲ್ಲ. ಕೆಲಸಗಾರರಿಂದ ನೇಮಕಾತಿ ಕಮಿಷನ್ ಪಡೆಯುವುದನ್ನು ಯುಎಇಯ 1980ರ ಕಾರ್ಮಿಕ ಕಾನೂನು ಆಗಲೇ ನಿಷೇಧಿಸಿತ್ತು. ನಮ್ಮ ದೇಶದ ನಿಯಮದಂತೆ ಪರವಾನಗಿ ಇರುವ ಏಜೆಂಟರು ಈಗ ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ ಮಾತ್ರ. ಇವೆರಡೂ ನನಗೆ ತಿಳಿಯುವ ಹೊತ್ತಿಗೆ ಬಳೆ ಬಿಡಿಸಿಕೊಂಡು ವರ್ಷಗಳೇ ಆಗಿದ್ದವು.

ಕೊಲ್ಲಿಯ ಶಾಲೆಗಳಲ್ಲಿ ನಾಲ್ಕನೆಯ ಕ್ರಮವೊಂದೂ ಇದೆ. 'ಗಂಡನ ವೀಸಾದಲ್ಲಿರುವವರಿಗೆ ಆದ್ಯತೆ' ಎಂದು ಜಾಹೀರಾತಿನಲ್ಲಿಯೇ ಕಾಣುತ್ತದೆ. ಶಿಕ್ಷಕಿಯ ವೀಸಾ ಖರ್ಚು ಅವಳ ಗಂಡನ ಮೇಲೋ ಗಂಡನ ಕಂಪನಿಯ ಮೇಲೋ ಬೀಳುವುದರಿಂದ ಶಾಲೆಗೆ ಅಷ್ಟು ಉಳಿತಾಯ. ನಮ್ಮ ಯಜಮಾನರು ಉಡುಪಿ ಬಿಟ್ಟು ಕದಲುವವರಲ್ಲವಾದ್ದರಿಂದ ಆ ಕ್ರಮದ ಪ್ರಯೋಗ ನನ್ನಿಂದ ಆಗಲಿಲ್ಲ.

ದುಬೈಗೆ ಹೋಗುವ ವೇಳೆಗೆ ಕಾನೂನು ಇನ್ನಷ್ಟು ಸ್ಪಷ್ಟವಾಗಿತ್ತು. 2021ರ 33ನೇ ಸಂಖ್ಯೆಯ ಕಾಯ್ದೆ 2022ರ ಫೆಬ್ರವರಿ 2ರಿಂದ ಜಾರಿಗೆ ಬಂದಿತ್ತು; ನೇಮಕಾತಿಯ ವೆಚ್ಚವನ್ನು ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಕೆಲಸಗಾರರಿಂದ ವಸೂಲು ಮಾಡಬಾರದೆಂದು ಅದು ಹೇಳುತ್ತದೆ. ಪ್ರವೇಶ ಪರವಾನಗಿ ಇಮೇಲಿನಲ್ಲಿ ಬಂದಿತು, ಟಿಕೆಟ್ ಬಂದಿತು, ರಕ್ತ ಪರೀಕ್ಷೆಗೆ ಶಾಲೆಯ ಚಾಲಕರೇ ಕರೆದುಕೊಂಡು ಹೋದರು. 'ಖರ್ಚೆಲ್ಲ ನಾವು ಮಾಡಿದ ಮೇಲೆ ಶಿಕ್ಷಕರು ನಡುವೆಯೇ ಬೇರೆ ಶಾಲೆಗೆ ಹಾರಿದರೆ?' ಎಂಬುದು ಆಡಳಿತ ಮಂಡಳಿಗಳ ಹಳೆಯ ಅಳಲು, ಮತ್ತು ಅದು ಪೂರ್ತಿ ಸುಳ್ಳಲ್ಲ. ಆ ಕಾಯ್ದೆಯಲ್ಲಿ ಅದಕ್ಕೊಂದು ಉತ್ತರವಿದೆ: ಪ್ರೊಬೇಷನ್ ಅವಧಿಯೊಳಗೆ ಯುಎಇಯಲ್ಲಿಯೇ ಬೇರೆ ಕಡೆ ಸೇರುವವರು ಒಂದು ತಿಂಗಳ ನೋಟಿಸ್ ಕೊಡಬೇಕು, ಮತ್ತು ಬೇರೆ ಒಪ್ಪಂದವಿಲ್ಲದಿದ್ದರೆ ಹಳೆಯ ಮಾಲೀಕರ ನೇಮಕಾತಿ ವೆಚ್ಚವನ್ನು ಹೊಸ ಮಾಲೀಕರು ತುಂಬಿಕೊಡಬೇಕು. ಶಿಕ್ಷಕಿಯನ್ನು ಸೆಳೆದುಕೊಂಡವರು ಲೆಕ್ಕ ಚುಕ್ತಾ ಮಾಡಲಿ ಎಂಬ ಈ ಏರ್ಪಾಟು ಬಾಂಡ್ ಬರೆಸಿಕೊಳ್ಳುವುದಕ್ಕಿಂತ ಎಷ್ಟೋ ಮೇಲು.

ಇಷ್ಟು ಹೊಗಳಿದ ಕ್ರಮವೇ ನನಗೆ ಕೊಟ್ಟ ಕಿರಿಕಿರಿಯನ್ನೂ ಹೇಳಬೇಕು. ಅದು ವೀಸಾದ್ದಲ್ಲ, ಪ್ರಮಾಣಪತ್ರಗಳ ಅಟೆಸ್ಟೇಷನ್ನಿನದು. ಒಂದು ದೇಶದ ಪತ್ರವನ್ನು ಒಂದೇ ಮೊಹರಿನಿಂದ ಇನ್ನೊಂದು ಸದಸ್ಯ ದೇಶ ಒಪ್ಪಿಕೊಳ್ಳುವ ಅಪೊಸ್ಟಿಲ್ ಒಪ್ಪಂದದಲ್ಲಿ ಭಾರತ 2005ರಿಂದ ಇದೆ. ಆದರೆ ಯುಎಇ ಅದನ್ನು ಸೇರಿರಲಿಲ್ಲವಾದ್ದರಿಂದ ಒಂದು ಪದವಿ ಪತ್ರಕ್ಕೆ ಮೊದಲು ರಾಜ್ಯ ಮಟ್ಟದಲ್ಲಿ, ನಂತರ ನಮ್ಮ ವಿದೇಶಾಂಗ ಸಚಿವಾಲಯದಲ್ಲಿ, ನಂತರ ಯುಎಇ ರಾಯಭಾರ ಕಚೇರಿಯಲ್ಲಿ, ಕೊನೆಗೆ ಅಲ್ಲಿನ ವಿದೇಶಾಂಗ ಸಚಿವಾಲಯದಲ್ಲಿ ಹೀಗೆ ನಾಲ್ಕು ಮೊಹರು ಬೀಳಬೇಕಿತ್ತು. ಶಾರ್ಜಾಕ್ಕೆ ಹೋಗುವಾಗ ಎಂ.ಎಸ್‌ಸಿ. ಪತ್ರಕ್ಕೆ ಮಾತ್ರ ಇದನ್ನು ಮಾಡಿಸಿದ್ದೆ. ದುಬೈಯವರು ಬಿ.ಎಡ್.ಗೂ ಕೇಳಿದರು.

ಬಿ.ಎಡ್. ಪತ್ರದಲ್ಲಿ ನನ್ನ ಹೆಸರಿನ ಮುಂದೆ ಇರುವುದು ಎರಡು ಇನಿಷಿಯಲ್. ನಡುವೆ ನವೀಕರಿಸಿದ ಪಾಸ್‌ಪೋರ್ಟಿನಲ್ಲಿ ಆ ಇನಿಷಿಯಲ್‌ಗಳು ಕಾಣದೆ, ಅವುಗಳ ಜಾಗದಲ್ಲಿ ಗಂಡನ ಹೆಸರು ಬಂದು ಕುಳಿತಿತ್ತು. ನಮ್ಮ ಕಡೆ ಹೆಸರಿನ ಮುಂದೊಂದು ಅಕ್ಷರ, ಹಿಂದೊಂದು ಊರು ಇಟ್ಟುಕೊಂಡು ಬದುಕು ಕಳೆಯುವವರಿಗೆ ಇದು ದೊಡ್ಡ ಸಂಗತಿಯಲ್ಲ. ಮೊಹರು ಹಾಕುವವರಿಗೆ ಮಾತ್ರ ಇವರಿಬ್ಬರೂ ಬೇರೆ ಬೇರೆ ಹೆಂಗಸರು. ಲಕೋಟೆ ಒಮ್ಮೆ ಬೆಂಗಳೂರಿನಿಂದಲೇ ಹಿಂದಕ್ಕೆ ಬಂದಿತು. ಎರಡು ಹೆಸರಿನವಳೂ ನಾನೊಬ್ಬಳೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿ ಮತ್ತೆ ಕಳುಹಿಸಿದರೆ, ದೆಹಲಿಯಿಂದ ಇನ್ನೊಮ್ಮೆ ಮರಳಿತು. ಅಫಿಡವಿಟ್ಟಿನಲ್ಲಿ ಟೈಪಿಸ್ಟರು ಪಾಸ್‌ಪೋರ್ಟ್ ಸಂಖ್ಯೆಯ ಒಂದು ಅಂಕಿಯನ್ನು ತಪ್ಪಾಗಿ ಹೊಡೆದಿದ್ದರು. ಮೂರನೆಯ ಸಲ ಅಂಚೆಗೆ ಹಾಕುವಾಗ ಕೌಂಟರಿನಲ್ಲಿದ್ದವರು 'ಪುನಃ ಬಂದಿರಾ ಟೀಚರ್' ಎಂದರು. ಒಟ್ಟು ಏಳು ವಾರ ಮತ್ತು 19,000 ರೂಪಾಯಿ ಇದಕ್ಕೇ ಹೋಯಿತು.

ಶಾಲೆಯ ಉತ್ತರ ಚಿಕ್ಕದಾಗಿತ್ತು: ವೀಸಾ ಖರ್ಚು ನಮ್ಮದು, ಪ್ರಮಾಣಪತ್ರ ನಿಮ್ಮ ಆಸ್ತಿ. ಮೊದಲು ನನಗೆ ಸಿಟ್ಟು ಬಂದಿತು, ಏಕೆಂದರೆ ಆ ಮೊಹರಿಲ್ಲದೆ ನೇಮಕವೇ ಆಗದು ಎಂದ ಮೇಲೆ ಅದೂ ನೇಮಕಾತಿಯ ಖರ್ಚೇ. ಆದರೆ ಒಮ್ಮೆ ಬಿದ್ದ ಮೊಹರನ್ನು ಮುಂದೆ ಅಲ್ಲಿನ ಬೇರೆ ಶಾಲೆಗೂ ತೋರಿಸಬಹುದು ಎಂಬುದನ್ನು ನೆನೆದರೆ ಶಾಲೆಯ ಮಾತನ್ನು ತಳ್ಳಿಹಾಕಲಾಗುವುದಿಲ್ಲ. ಕೊನೆಗೆ ಅಲ್ಲಿನ ಸಚಿವಾಲಯದ 150 ದಿರ್ಹಮ್ ಅವರು ಕೊಟ್ಟರು, ಭಾರತದ ಭಾಗ ನನ್ನದಾಯಿತು. ಮೊದಲ ಸುತ್ತಿನ ಖರ್ಚನ್ನು ಇಬ್ಬರೂ ಅರ್ಧರ್ಧ ಹಂಚಿಕೊಳ್ಳಬೇಕಿತ್ತೆಂದು ನನಗೆ ಈಗಲೂ ಅನ್ನಿಸುತ್ತದೆ. ಇನಿಷಿಯಲ್ಲಿನಿಂದಾದ ಮುಂದಿನ ಎರಡು ಸುತ್ತುಗಳಿಗೆ ನಾನು ಯಾರನ್ನೂ ದೂರಲಾರೆ.

ಅಟೆಸ್ಟೇಷನ್ ವಿಷಯದಲ್ಲಿ ಇಂಗ್ಲೆಂಡಿಗೆ ಪೂರ್ಣ ಅಂಕ. ಭಾರತದಲ್ಲಿ ತರಬೇತಿ ಪಡೆದ ಶಿಕ್ಷಕರೂ 2023ರ ಫೆಬ್ರವರಿಯಿಂದ ಅಲ್ಲಿನ ಶಿಕ್ಷಕ ಅರ್ಹತೆಗೆ ಅರ್ಜಿ ಹಾಕಬಹುದಾಗಿದ್ದು, ಅರ್ಜಿ ಉಚಿತ. ಮನೆಯಲ್ಲೇ ಕುಳಿತು ಪತ್ರಗಳನ್ನು ಸ್ಕ್ಯಾನ್ ಮಾಡಿ ಕಳುಹಿಸಿದೆ.

ಹಣದ ವಿಷಯ ಬೇರೆ. ನಾನು ಅರ್ಜಿ ಹಾಕಿದ 2024ರ ಬೇಸಿಗೆಯಲ್ಲಿ ಮೂರು ವರ್ಷದ ಸ್ಕಿಲ್ಡ್ ವರ್ಕರ್ ವೀಸಾಕ್ಕೆ 719 ಪೌಂಡ್. ಆರೋಗ್ಯ ಸೇವೆಯ ಸರ್‌ಚಾರ್ಜ್ ವರ್ಷಕ್ಕೆ 1,035 ಪೌಂಡಿನಂತೆ ಮೂರು ವರ್ಷಕ್ಕೂ ಒಮ್ಮೆಗೇ 3,105. ಒಟ್ಟು 3,824 ಪೌಂಡ್, ಅಂದರೆ ನಾಲ್ಕು ಲಕ್ಷ ರೂಪಾಯಿಗೂ ಮೀರಿ. ಬೆಂಗಳೂರಿನ ಕ್ಷಯ ಪರೀಕ್ಷೆ, ವಿಮಾನದ ಟಿಕೆಟ್ ಇವು ಪ್ರತ್ಯೇಕ. ಪ್ರಾಯೋಜಕತ್ವದ ಪತ್ರದ ಶುಲ್ಕವನ್ನು ಶಾಲೆ ಕೊಟ್ಟಿತು. ವಿದೇಶಿಯರನ್ನು ನೇಮಿಸಿಕೊಳ್ಳುವ ಮಾಲೀಕರು ಸರ್ಕಾರಕ್ಕೆ ಕಟ್ಟುವ ಕೌಶಲ ಶುಲ್ಕವೆಂಬುದನ್ನು ಶಿಕ್ಷಕರ ಮೇಲೆ ಹೇರುವುದು ಹೇಗೂ ನಿಷಿದ್ಧ. ಉಳಿದದ್ದನ್ನು ಶಾಲೆ ಬೇಕಾದರೆ ಕೊಡಬಹುದು, ಕೊಡಲೇಬೇಕೆಂದಿಲ್ಲ. ನಮ್ಮ ಶಾಲೆಯಲ್ಲಿ ಆ ರೂಢಿ ಇರಲಿಲ್ಲ.

ಆಗ ಭೌತಶಾಸ್ತ್ರ ಮತ್ತು ಭಾಷಾ ಶಿಕ್ಷಕರಿಗೆಂದು ಸರ್ಕಾರದ 10,000 ಪೌಂಡಿನ ಸ್ಥಳಾಂತರ ನೆರವು ಇತ್ತು. 2023–24 ಮತ್ತು 2024–25ರ ಶೈಕ್ಷಣಿಕ ವರ್ಷಗಳಿಗೆ ರೂಪಿಸಿದ್ದ ಯೋಜನೆ ಅದು. ವೀಸಾ, ಸರ್‌ಚಾರ್ಜ್, ಬಾಡಿಗೆಯ ಮುಂಗಡ ಎಲ್ಲ ಸೇರಿದರೂ ನನ್ನ ಖರ್ಚು ಅಷ್ಟಾಗಿರಲಿಲ್ಲ. ಆದರೆ ಆ ಹಣ ಸಿಗುವುದು ಮೊದಲ ಟರ್ಮ್ ಮುಗಿದ ಮೇಲೆ. ಜುಲೈಯಲ್ಲಿ ಕಟ್ಟಬೇಕಾದ ನಾಲ್ಕು ಲಕ್ಷಕ್ಕೆ ತಮ್ಮನ ಠೇವಣಿ ಮುರಿಸಿದೆ. ವೀಸಾ ತಿರಸ್ಕೃತವಾದರೆ ಸರ್‌ಚಾರ್ಜ್ ಹಿಂದಕ್ಕೆ ಬರುತ್ತದೆ, ಅರ್ಜಿ ಶುಲ್ಕ ಬರುವುದಿಲ್ಲ ಎಂಬುದನ್ನು ಓದಿದ ರಾತ್ರಿ ನಿದ್ದೆ ಹತ್ತಲಿಲ್ಲ. 'ಕೊಟ್ಟವನು ಕೋಡಂಗಿ, ಇಸ್ಕೊಂಡವನು ವೀರಭದ್ರ' ಎಂಬ ಮಾತು ನಮ್ಮ ಅಮ್ಮನದು. ಹಣ ಪೂರ್ತಿ ಬಂದು ತಮ್ಮನ ಖಾತೆಗೆ ಸೇರಿದ ದಿನದವರೆಗೂ ಅವರು ಅದನ್ನು ಫೋನಿನಲ್ಲಿ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಮುರಿಸಲು ಠೇವಣಿ ಇಲ್ಲದ ಮನೆಯ ಶಿಕ್ಷಕಿಗೆ ಆ 10,000 ಪೌಂಡ್ ಗೋಡೆಯ ಮೇಲಿನ ಚಿತ್ರವಷ್ಟೇ.

ತಡವಾಗಿ ಬರುವ ಹಣದಿಂದ ಏನಾಗಬಹುದೆಂಬುದಕ್ಕೆ ಅಮೆರಿಕದ ಮೇರಿಲ್ಯಾಂಡಿನ ಪ್ರಿನ್ಸ್ ಜಾರ್ಜಸ್ ಕೌಂಟಿಯ ಶಾಲೆಗಳ ಪ್ರಕರಣವನ್ನು ನೋಡಬಹುದು. ಎಚ್-1ಬಿ ವೀಸಾದ ಶುಲ್ಕವನ್ನು ಮಾಲೀಕರೇ ಭರಿಸಬೇಕೆಂಬ ನಿಯಮವಿದ್ದರೂ ಅಲ್ಲಿ ವಿದೇಶಿ ಶಿಕ್ಷಕರು ತಾವೇ ಕಟ್ಟಿದ್ದರು. ಅವರಲ್ಲಿ ಹೆಚ್ಚಿನವರು ಫಿಲಿಪೀನ್ಸಿನವರು. 2011ರಲ್ಲಿ ಕಾರ್ಮಿಕ ಇಲಾಖೆಯೊಂದಿಗಿನ ರಾಜಿಯಂತೆ 1,044 ಶಿಕ್ಷಕರಿಗೆ ಸುಮಾರು 42 ಲಕ್ಷ ಡಾಲರ್ ಹಿಂದಕ್ಕೆ ಕೊಡಬೇಕಾಯಿತು. ಜೊತೆಗೆ ವಿದೇಶಿ ನೌಕರರಿಗೆ ವೀಸಾ ಪ್ರಾಯೋಜಿಸದಂತೆ ಆ ಆಡಳಿತಕ್ಕೆ ಎರಡು ವರ್ಷ ನಿರ್ಬಂಧವೂ ಬಿದ್ದಿತು. ವೀಸಾ ಅವಧಿ ಮುಗಿಯುತ್ತಿದ್ದ ಶಿಕ್ಷಕರಿಗೆ ಅದರಿಂದ ನವೀಕರಣದ ದಾರಿ ಮುಚ್ಚಿಹೋಯಿತು. ತಪ್ಪು ಮಾಲೀಕರದು, ಊರಿಗೆ ಮರಳುವ ಚಿಂತೆ ಶಿಕ್ಷಕರದು.

ತಿಂಗಳ ಕೊನೆಯ ಸಂಬಳದಲ್ಲಿ ಮನೆಗೆಷ್ಟು, ಅಮ್ಮನ ಔಷಧಿಗೆಷ್ಟು ಎಂದು ಮೊದಲೇ ಬರೆದಿಟ್ಟು ನಡೆಯುವವಳು ನಾನು. ಸಾಲ ಮಾಡಿ ಲಾಭ ಪಡೆಯುವುದು ನನ್ನ ಸ್ವಭಾವವಲ್ಲ. ಆದ್ದರಿಂದ ಹಿಂದಕ್ಕೆ ಬರುವ ಹತ್ತು ರೂಪಾಯಿಗಿಂತ ನನ್ನ ಕೈಬಿಟ್ಟು ಹೋಗದ ನಾಲ್ಕು ರೂಪಾಯಿ ನನಗೆ ಹೆಚ್ಚು. ಕೈಯಲ್ಲಿ ಐದಾರು ಲಕ್ಷ ಇಟ್ಟುಕೊಂಡು, ಆರು ತಿಂಗಳು ಕಾಯಬಲ್ಲ ಒಂಟಿ ಜೀವಕ್ಕೆ ಇಂಗ್ಲೆಂಡಿನ ಆ ಲೆಕ್ಕ ಲಾಭದ್ದೇ ಆಗಿತ್ತು. ಶಾರ್ಜಾದ ಕ್ರಮ ಯಾರಿಗೂ ಬೇಡ.

ಕಳೆದ ತಿಂಗಳು ಮಸ್ಕತ್ತಿನ ಶಾಲೆಯೊಂದರಿಂದ ನನ್ನ ಅಕ್ಕನ ಮಗಳಿಗೆ ಆಫರ್ ಪತ್ರ ಬಂದಿತು. 'ವೀಸಾ ವೆಚ್ಚವನ್ನು ಮರುಪಾವತಿಸಲಾಗುವುದು' ಎಂದು ಅದರಲ್ಲಿತ್ತು. ಆ ಸಾಲನ್ನು 'ಶಾಲೆಯೇ ನೇರವಾಗಿ ಪಾವತಿಸುವುದು' ಎಂದು ತಿದ್ದಿಕೊಡುವಂತೆಯೂ, ಅಟೆಸ್ಟೇಷನ್ ಖರ್ಚಿನಲ್ಲಿ ಯಾರ ಪಾಲು ಎಷ್ಟೆಂಬುದನ್ನು ಬರೆಯುವಂತೆಯೂ ಕೇಳಿ ಅವಳಿಂದ ಪತ್ರ ಬರೆಸಿದ್ದೇನೆ. ಅವಳ ಅಂಕಪಟ್ಟಿಯಲ್ಲಿಯೂ ಇನಿಷಿಯಲ್ ಇದೆ.