ಮೀನಿನ ತೊಟ್ಟಿಗೆ ಸಂಪ್: ಪ್ಲಾಸ್ಟಿಕ್ ಡಬ್ಬಿಯೋ, ಗಾಜೋ?

ಇದು ಮನೆ ಮುಂದಿನ ನೆಲದೊಳಗಿನ ಸಂಪ್ ವಿಷಯ ಅಲ್ಲ. ಅಕ್ವೇರಿಯಂ ನೀರು ಕೆಳಗಿಳಿದು, ಸೋಸಿ, ಪಂಪಿನಿಂದ ಮತ್ತೆ ಮೇಲೆ ಹೋಗುತ್ತದಲ್ಲ, ಆ ಕೆಳಗಿನ ತೊಟ್ಟಿ. ನನ್ನ ಅಕ್ವೇರಿಯಂ 36 ಇಂಚು ಉದ್ದ, 15 ಇಂಚು ಅಗಲ. ಅದಕ್ಕೆ ಎರಡೂ ಬಗೆಯ ಸಂಪ್ ಇಟ್ಟು ನೋಡಿದ್ದೇನೆ.

ಮೊದಲು ಬಂದದ್ದು 50 ಲೀಟರಿನ ಪ್ಲಾಸ್ಟಿಕ್ ಡಬ್ಬಿ. ಅಗ್ಗ, ಹಗುರ, ಒಡೆಯುವ ಭಯವಿಲ್ಲ. ಒಳಗೆ ಖಾನೆ ಮಾಡೋಣ ಅಂತ ಅಕ್ರಿಲಿಕ್ ಶೀಟ್ ನಿಲ್ಲಿಸಿ ಸಿಲಿಕೋನ್ ಹಚ್ಚಿದೆ. ವಾರದೊಳಗೆ ಬೆಂದ ಆಲೂಗಡ್ಡೆ ಸಿಪ್ಪೆ ಥರ ಎದ್ದು ಬಂತು. ಈ ಡಬ್ಬಿಗಳ ಪ್ಲಾಸ್ಟಿಕ್‌ಗೆ ಸಿಲಿಕೋನ್ ಸರಿಯಾಗಿ ಅಂಟುವುದೇ ಇಲ್ಲ. ಕೊನೆಗೆ ಸ್ಪಾಂಜು, ಪಂಪು ಎಲ್ಲ ಒಂದೇ ಕಡೆ. ನೀರು ತುಂಬಿದ ಮೇಲೆ ಡಬ್ಬಿಯ ಹೊಟ್ಟೆ ಬೇರೆ ಉಬ್ಬಿತು.

ಆದರೂ ಹೇಗೋ ನಡೀತಿತ್ತು. ಒಂದು ರಾತ್ರಿ ಕರೆಂಟ್ ಹೋಯ್ತು. ಪಂಪಿನಿಂದ ನೀರು ಮೇಲೆ ತರುವ ಪೈಪಿನ ಬಾಯಿ ಅಕ್ವೇರಿಯಂ ನೀರಲ್ಲಿ ಮೂರು ಇಂಚು ಮುಳುಗಿತ್ತು. ಪಂಪ್ ನಿಂತದ್ದೇ ತಡ, ಅದೇ ಪೈಪು ನೀರನ್ನು ಕೆಳಗೆಳೆಯಿತು. ಮೂರು ಇಂಚು ಅಂದ್ರೆ ಸುಮಾರು 26 ಲೀಟರ್! ಡಬ್ಬಿಯಲ್ಲಿ ಆಗಲೇ 30 ಇತ್ತು. ಬೆಳಗ್ಗೆ ಅಮ್ಮ ಕಾಲಿಟ್ಟಿದ್ದು ನೀರಿಗೆ. ತಪ್ಪು ಡಬ್ಬಿಯದಲ್ಲ, ನನ್ನದೇ. ಆ ಪೈಪಿಗೆ ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಸಣ್ಣ ತೂತು ಕೊರೆದೆ. ಈಗ ನೀರು ಅಷ್ಟು ಇಳಿದ ಕೂಡಲೇ ಗಾಳಿ ಸೇರಿ ಎಳೆತ ನಿಲ್ಲುತ್ತದೆ. ಪಾಚಿ ಕಟ್ಟದ ಹಾಗೆ ಆಗಾಗ ಕಡ್ಡಿ ಆಡಿಸಬೇಕು, ಅಷ್ಟೇ.

ಆಮೇಲೆ ಗಾಜಿನಂಗಡಿಯಲ್ಲಿ 24 ಇಂಚು ಉದ್ದ, 12 ಇಂಚು ಅಗಲದ ಸಂಪ್ ಮಾಡಿಸಿದೆ. ದುಡ್ಡು ಜಾಸ್ತಿ. ಸ್ಟ್ಯಾಂಡಿನೊಳಗೆ ತೂರಿಸುವಾಗ ಅರ್ಧ ಇಂಚಿಗಾಗಿ ಒದ್ದಾಡಿದೆ. ಆದರೆ ಮೂರು ಖಾನೆ: ಸ್ಪಾಂಜು, ಸೆರಾಮಿಕ್ ರಿಂಗ್ (ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾ ಇದರ ಮೇಲೆ ಬೆಳೆಯುತ್ತವೆ), ಪಂಪು.

ಖಾನೆಯ ಬೆಲೆ ಗೊತ್ತಾಗಿದ್ದು ಯು ಪೈಪ್ ಕೈಕೊಟ್ಟ ದಿನ. ಮೇಲಿನಿಂದ ನೀರಿಳಿಸಲು ಸುಮ್ನೆ ಅಂಚಿಗೆ ನೇತುಹಾಕುವ ಪೈಪದು. ಕರೆಂಟ್ ಹೋಗಿ ಬಂದಾಗ ಅದರಲ್ಲಿ ಗಾಳಿ ಸಿಕ್ಕಿಕೊಂಡು ನೀರಿಳಿಯುವುದು ನಿಂತಿತು, ಪಂಪ್ ಮಾತ್ರ ಮೇಲೆ ತಳ್ಳುತ್ತಲೇ ಇತ್ತು. ಪಂಪಿನ ಖಾನೆಯ ಹತ್ತು ಲೀಟರ್ ಮುಗಿದ ಮೇಲೆ ತಳ್ಳಲು ನೀರೇ ಇರಲಿಲ್ಲ. ಅಕ್ವೇರಿಯಂನ ಮೇಲ್ಭಾಗದಲ್ಲಿ ಒಂದೂವರೆ ಇಂಚು ಖಾಲಿ ಬಿಟ್ಟಿದ್ದರಿಂದ ಒಂದು ಹನಿಯೂ ಚೆಲ್ಲಲಿಲ್ಲ. ಡಬ್ಬಿಯಾಗಿದ್ದರೆ? ಪೂರ್ತಿ ಮೇಲೆ ಹೋಗಿರೋದು. ನೀರು ಆವಿಯಾದರೂ ಆ ಖಾನೆಯಲ್ಲೇ ಇಳಿಯುತ್ತದೆ, ದಿನಾ ಎಷ್ಟು ಸುರಿಯಬೇಕೆಂದು ಗೆರೆ ಎಳೆದಿದ್ದೇನೆ.

ಯು ಪೈಪ್ ತೆಗೆದುಹಾಕಿದೆ. ಅಕ್ವೇರಿಯಂನ ಹಿಂಬದಿಯ ಗಾಜಿಗೆ ತೂತು ಕೊರೆಸಿ, ಸೋರದ ಹಾಗೆ ಪೈಪು ಜೋಡಿಸುವ ಟ್ಯಾಂಕ್ ನಿಪ್ಪಲ್ ಹಾಕಿಸಿದೆ. ಟಫನ್ಡ್ (ಕಾಸಿ ಗಟ್ಟಿ ಮಾಡಿದ) ಗಾಜಾದರೆ ಅದಕ್ಕೆ ಕೈ ಹಾಕಬೇಡಿ, ಡ್ರಿಲ್ ಮುಟ್ಟಿದರೆ ಇಡೀ ಹಲಗೆ ಪುಡಿಪುಡಿ. ಡಬ್ಬಿಯನ್ನು ಎಸೆದಿಲ್ಲ. ನೀರು ಬದಲಿಸುವ ದಿನಕ್ಕೆ ಅದೇ ಬೇಕು.