ಎಂಟು ವಾರದ ಅರಬ್ ಸಂಗೀತ ಕೋರ್ಸ್: ನಾಲ್ಕನೇ ವಾರದಿಂದ ಶುರು ಮಾಡಿ

ಅರಬ್ ಸಂಗೀತದ ಇತಿಹಾಸ ಮತ್ತು ಶೈಲಿಗಳ ಬಗ್ಗೆ ಒಂದು ಆನ್‌ಲೈನ್ ಕೋರ್ಸ್ ಮೊನ್ನೆ ಮುಗಿಸಿದೆ. ಎಂಟು ವಾರ, ವಾರಕ್ಕೆ ಎರಡು ರೆಕಾರ್ಡ್ ಮಾಡಿದ ಪಾಠ, ಕೊನೆಗೊಂದು ಸರ್ಟಿಫಿಕೇಟ್ (ಅದನ್ನು ಯಾರಿಗೆ ತೋರಿಸಬೇಕೋ ಗೊತ್ತಿಲ್ಲ). ಕಂಪನಿಯ ಹೆಸರು ಹಾಕುತ್ತಿಲ್ಲ, ಯಾಕಂದ್ರೆ ಕೆಳಗೆ ಸ್ವಲ್ಪ ಬೈಯುವುದಿದೆ.

ಮೊದಲ ಮೂರು ವಾರ ಬರೀ ಇತಿಹಾಸ. ಒಂಬತ್ತನೇ ಶತಮಾನದ ಬಾಗ್ದಾದ್, ಅಲ್ಲಿನ ತತ್ವಜ್ಞಾನಿ ಅಲ್-ಕಿಂದಿ, ಆಮೇಲೆ ಅಲ್-ಫಾರಾಬಿ ಬರೆದ ದೊಡ್ಡ ಸಂಗೀತ ಗ್ರಂಥ, ಸ್ಲೈಡ್ ಮೇಲೆ ಸ್ಲೈಡ್. ಸಂಗೀತದ ಕೋರ್ಸ್‌ನಲ್ಲಿ ಮೊದಲ ಒಂದು ಗಂಟೆ ಒಂದು ತಂತಿಯ ಸದ್ದೂ ಕೇಳಿಸಲಿಲ್ಲ ಅಂದರೆ ನಂಬುತ್ತೀರಾ? ಜಿರ್ಯಾಬ್ ಬಗ್ಗೆ ಅರ್ಧ ಪಾಠ ಇದೆ. ಬಾಗ್ದಾದ್ ಬಿಟ್ಟು 822ರಲ್ಲಿ ಕೊರ್ದೊಬಾ ಸೇರಿದ ಗಾಯಕ, ಊದ್ ವಾದ್ಯಕ್ಕೆ ಐದನೇ ತಂತಿ ಕಟ್ಟಿದವನು, ಹಲ್ಲುಜ್ಜುವ ಪೇಸ್ಟಿನಿಂದ ಹಿಡಿದು ಊಟ ಬಡಿಸುವ ಕ್ರಮದವರೆಗೆ ಎಲ್ಲವನ್ನೂ ಸ್ಪೇನಿಗೆ ಕಲಿಸಿದವನು ಅಂತ ಒಂದೇ ಉಸಿರಲ್ಲಿ ಹೇಳಿಬಿಡುತ್ತಾರೆ. ಈ ಕಥೆಗಳು ಹೆಚ್ಚಾಗಿ ನಮಗೆ ಸಿಗುವುದು ಹದಿನೇಳನೇ ಶತಮಾನದ ಇತಿಹಾಸಕಾರ ಅಲ್-ಮಕ್ಕರಿಯ ಬರಹದಿಂದ, ಅಂದರೆ ಎಂಟುನೂರು ವರ್ಷ ಆದಮೇಲೆ. ಅದನ್ನೊಂದು ಸಾಲಿನಲ್ಲಿ ಹೇಳಬಹುದಿತ್ತು, ಅಲ್ವಾ?

ದುಡ್ಡು ವಾಪಸ್ ಕೇಳೋಣ ಅನ್ನುವಷ್ಟರಲ್ಲಿ ನಾಲ್ಕನೇ ವಾರ ಬಂತು. ಮೇಷ್ಟ್ರು ಸ್ಲೈಡ್ ಮುಚ್ಚಿ ಊದ್ ಕೈಗೆತ್ತಿಕೊಂಡರು. ರಾಸ್ತ್ ಅನ್ನುವ ಮಕಾಮ್ (ಮಕಾಮ್ ಅಂದರೆ ಹೆಚ್ಚುಕಡಿಮೆ ನಮ್ಮ ರಾಗದ ಹಾಗೆ). ಸ, ರಿ ಮಾಮೂಲಿ. ಆಮೇಲೆ ಬಂದ ಗಾಂಧಾರ ಇದೆಯಲ್ಲ, ಅದು ನಮ್ಮ ಸಾಧಾರಣ ಗಾಂಧಾರವೂ ಅಲ್ಲ, ಅಂತರ ಗಾಂಧಾರವೂ ಅಲ್ಲ, ಎರಡರ ನಡುವೆ ಎಲ್ಲೋ ಕೂತಿದೆ. ಮೊದಲ ಸಲ ಕೇಳಿದಾಗ ಶ್ರುತಿ ತಪ್ಪಿತು ಅನ್ನಿಸಿತು. ಹತ್ತನೇ ಸಲ ಕೇಳಿದಾಗ ಅದಿಲ್ಲದಿದ್ದರೆ ಸಪ್ಪೆ ಅನ್ನಿಸಿತು. ಆ ಸ್ವರಕ್ಕೆ ಸಿಕಾ ಅಂತ ಹೆಸರು. ಪುಸ್ತಕದಲ್ಲಿ ಸ್ಥಾಯಿಯನ್ನು 24 ಸಮ ಭಾಗ ಮಾಡಿ ಅದಕ್ಕೊಂದು ಜಾಗ ತೋರಿಸುತ್ತಾರೆ, ಆದರೆ ಹಾಡುವವರು ಆ ಗೆರೆಗೆ ಕಟ್ಟುಬಿದ್ದಿಲ್ಲ. ಬಯಾತಿ ಮಕಾಮಿಗೆ ಹೋದರೆ ಅದೇ ಸಿಕಾ ಇನ್ನೂ ಸ್ವಲ್ಪ ಕೆಳಗಿಳಿಯುತ್ತದೆ, ಊರಿಂದ ಊರಿಗೂ ಕೊಂಚ ಆಚೀಚೆ ಆಗುತ್ತದೆ. ಊದ್‌ಗೆ ಮೆಟ್ಟಿಲುಗಳಿಲ್ಲ, ಬೆರಳು ಎಲ್ಲಿ ಬೇಕಾದರೂ ಹೋಗಬಹುದು. ಮೇಷ್ಟ್ರು ಎರಡೂ ಸಿಕಾಗಳನ್ನು ಒಂದರ ಹಿಂದೆ ಒಂದು ನುಡಿಸಿ, ಸುಮ್ನೆ ನಮ್ಮ ಮುಖ ನೋಡುವವರ ಹಾಗೆ ಕ್ಯಾಮೆರಾ ನೋಡಿದರು. ಇಡೀ ಕೋರ್ಸ್‌ನಲ್ಲಿ ನನಗೆ ಅತಿ ಇಷ್ಟವಾದ ಕ್ಷಣ ಅದು.

ಐದನೇ ವಾರವೂ ಚೆನ್ನಾಗಿದೆ. ಊದ್, ಕಾನೂನ್ (ಮಡಿಲಲ್ಲಿಟ್ಟು ಮೀಟುವ ತಂತಿವಾದ್ಯ), ನೈ (ಕೊಳಲು), ಪಿಟೀಲು, ರಿಕ್ (ಕಂಜೀರದ ಥರದ ತಾಳವಾದ್ಯ) ಸೇರಿದ ಪುಟ್ಟ ಮೇಳ ತಖ್ತ್, ಅಲ್ಲಿಂದ ಈಜಿಪ್ಟಿನ ಗಾಯಕಿ ಉಮ್ಮ್ ಕುಲ್ಸೂಮ್. ತಿಂಗಳ ಮೊದಲ ಗುರುವಾರ ರಾತ್ರಿ ಈಜಿಪ್ಟ್ ರೇಡಿಯೋದಲ್ಲಿ ಅವರ ಕಚೇರಿ ಇರುತ್ತಿತ್ತು, ಒಂದು ಹಾಡು ಒಂದು ಗಂಟೆ ದಾಟುವುದು ದೊಡ್ಡ ವಿಷಯವೇ ಆಗಿರಲಿಲ್ಲ. ಯಾಕೆ ಅಷ್ಟುದ್ದ ಅಂತ ಇಲ್ಲಿ ಅರ್ಥ ಆಯಿತು: ಒಂದೇ ಸಾಲನ್ನು ತಿರುಗಿ ತಿರುಗಿ ಹಾಡುತ್ತಿದ್ದರು, ಪ್ರತಿ ಸಲ ಬೇರೆ ದಾರಿ, ಜನ ಕೂಗಿ ಕೇಳಿದರೆ ಮತ್ತೊಂದು ಸಲ. ಕೇಳುವವರು ಮೈಮರೆಯುವ ಆ ಸ್ಥಿತಿಗೆ ತರಬ್ ಅನ್ನುತ್ತಾರೆ, ಬಲ್ಲ ಕೇಳುಗರಿಗೆ ಸಮ್ಮೀಆ ಅಂತ ಬೇರೆ ಹೆಸರೇ ಇದೆ. ಪಾಠದಲ್ಲಿ ಸಭೆಯ ಗದ್ದಲವನ್ನು ಕತ್ತರಿಸದೆ ಹಾಗೇ ಬಿಟ್ಟಿದ್ದಾರೆ, ಅದಕ್ಕೆ ಪೂರ್ತಿ ಅಂಕ.

ಈಗ ಬೈಗುಳ. ಆರನೇ ವಾರದ ವಿಷಯ 1932ರಲ್ಲಿ ಕೈರೋದಲ್ಲಿ ನಡೆದ ಅರಬ್ ಸಂಗೀತ ಸಮ್ಮೇಳನ. ಈಜಿಪ್ಟಿನ ರಾಜ ಫುಆದ್ ಆಶ್ರಯ, ಬಾರ್ಟೋಕ್, ಹಿಂಡೆಮಿತ್ ಥರದ ಯುರೋಪಿನ ಸಂಗೀತಗಾರರು ಅತಿಥಿಗಳು, ನಾನಾ ದೇಶದ ಮೇಳಗಳ ರೆಕಾರ್ಡಿಂಗ್. ಅಲ್ಲಿ ನಡೆದ ದೊಡ್ಡ ಜಗಳಗಳಲ್ಲಿ ಒಂದು, ಅರಬ್ ಸಂಗೀತಕ್ಕೆ ಪಿಯಾನೋ ಬೇಕೋ ಬೇಡವೋ ಅನ್ನುವುದು, ಯಾಕಂದ್ರೆ ಮಾಮೂಲಿ ಪಿಯಾನೋದಲ್ಲಿ ಸಿಕಾ ಸಿಗುವುದೇ ಇಲ್ಲ. ಇಷ್ಟೆಲ್ಲ ವಿವರಿಸಿ, ಅದೇ ವಾರದ ಮನೆಪಾಠ ಏನು ಕೊಟ್ಟಿದ್ದಾರೆ ಗೊತ್ತಾ? ಅವರ ಆ್ಯಪ್‌ನಲ್ಲಿರುವ ಪಿಯಾನೋ ಕೀಲಿಗಳ ಮೇಲೆ ರಾಸ್ತ್ ನುಡಿಸಿ ಅಂತ! ಕಪ್ಪು ಕೀಲಿ ಒತ್ತಿದರೂ ತಪ್ಪು, ಬಿಳಿ ಕೀಲಿ ಒತ್ತಿದರೂ ತಪ್ಪು. ನಾನು ಬಿಳಿ ಒತ್ತಿದೆ, ಆ್ಯಪ್ ಪೂರ್ತಿ ಅಂಕ ಕೊಟ್ಟಿತು.

ಏಳನೇ ವಾರ ಓಡುವ ಬಸ್ಸಿನ ಕಿಟಕಿಯಿಂದ ಊರು ನೋಡಿದ ಹಾಗೆ. ಮೊರಾಕೊದ 11 ನೂಬಾ (ಹಾಡು-ವಾದನಗಳ ಉದ್ದ ಸರಣಿ), ಟ್ಯುನೀಶಿಯಾದ 13 ನೂಬಾ, ಸಿರಿಯಾದ ಅಲೆಪ್ಪೋದ ಕುದೂದ್ ಹಾಡುಗಳು, ಎಲ್ಲ ನಲವತ್ತು ನಿಮಿಷದಲ್ಲಿ. ಇರಾಕಿನಲ್ಲಿ ಮಕಾಮ್ ಅಂದರೆ ಬರೀ ಸ್ವರಗಳ ಸಾಲಲ್ಲ, ಕಟ್ಟಿಟ್ಟ ಇಡೀ ಗಾಯನವೇ ಒಂದು ಮಕಾಮ್. ಈ ದೊಡ್ಡ ವ್ಯತ್ಯಾಸಕ್ಕೆ ಕೊಟ್ಟಿದ್ದು ಒಂದು ವಾಕ್ಯ. ಬಹ್ರೇನಿನ ಮುತ್ತು ತೆಗೆಯುತ್ತಿದ್ದವರ ಫಜಿರಿ ಹಾಡುಗಳಿಗೆ ಮಣ್ಣಿನ ಮಡಕೆ ಬಡಿದು ತಾಳ ಹಾಕುತ್ತಾರೆ, ಅದನ್ನು ಫೋಟೋದಲ್ಲಿ ತೋರಿಸಿ ಮುಂದೆ ಹೋದರು. ಫೋಟೋ! ಎಂಟನೇ ವಾರ ಪರೀಕ್ಷೆ, ಇಸವಿಗಳನ್ನು ಬಾಯಿಪಾಠ ಮಾಡಿದರೆ ಪಾಸ್.

ಸಬ್‌ಟೈಟಲ್ ಯಂತ್ರ ಬರೆದದ್ದು. ಊದ್ ಅನ್ನುವ ಕಡೆಯೆಲ್ಲ ಫುಡ್ ಅಂತ ಬರುತ್ತದೆ, ರಾಸ್ತ್ ಹೋಗಿ ರೆಸ್ಟ್ ಆಗಿದೆ. ಆಫ್ ಮಾಡಿಬಿಡಿ.

ಸೇರುವವರು ಹೀಗೆ ಮಾಡಿ: ನಾಲ್ಕು, ಐದು, ಆರು ಮೊದಲು. ಸಿಕಾ ಕಿವಿಗೆ ಹತ್ತಿದ ಮೇಲೆ ಬೇಕಿದ್ದರೆ ಬಾಗ್ದಾದಿಗೆ ಹೋಗಿ. ನಾಲ್ಕರಿಂದ ಆರರವರೆಗಿನ ಆ ಮೂರು ವಾರಕ್ಕಾಗಿ ಐದರಲ್ಲಿ ಮೂರು ಸ್ಟಾರ್ ಕೊಡುತ್ತೇನೆ. ಪಿಯಾನೋ ಆ್ಯಪ್ ಬಗ್ಗೆ ಗ್ರಾಹಕ ಸೇವೆಗೆ ಒಂದು ಉದ್ದ ಮೇಲ್ ಬರೆದಿದ್ದೆ, ಸ್ವರ ಸಿಗುತ್ತಿಲ್ಲ ಅಂತ. ಎರಡು ದಿನ ಬಿಟ್ಟು ಉತ್ತರ ಬಂತು, ಫೋನಿನ ವಾಲ್ಯೂಮ್ ಜಾಸ್ತಿ ಮಾಡಿ ನೋಡಿ ಅಂತ.